ನೆನೆಯಬಾರದ ಮಳೆ ಪೆಟ್ಟಿಗೆಗಳು

ಆರ್‌ಪಿಸಿ ಲೇಔಟಿನ ನಮ್ಮ ಬೀದಿ ಇಳಿಜಾರು. ಎಲ್ಲರ ಮನೆ ಮುಂದಿನ ನೀರೂ ಹೋಗಿ ಸೇರೋದು ತಗ್ಗಿನಲ್ಲಿರೋ ಕಲ್ಯಾಣಮ್ಮನ ಮನೆಗೆ. ಅವಳು ಸೀರೆಗೆ ಫಾಲ್ಸ್ ಹಾಕಿ ಬದುಕುವವಳು. ಹೋದ ವರ್ಷ ಚರಂಡಿ ನೀರು ನುಗ್ಗಿ ಯಾರದೋ ಧಾರೆ ಸೀರೆ ಹಾಳಾಯಿತು. ಇನ್ನೊಂದು ಸಲ ಹಾಗಾದರೆ ಅವಳ ಬಾಗಿಲಿಗೆ ಯಾರೂ ಸೀರೆ ತರುವುದಿಲ್ಲ.

ಅದಕ್ಕೇ ಕಾಲೇಜಿನಲ್ಲಿ ಮಳೆ ಬಗ್ಗೆ ಓದುವ ಸ್ಪಂದನ ಬಂದು ನಮ್ಮದೂ ಸೇರಿ ಆರು ಮನೆಗೆ ಆರು ಮಳೆ ಅಳೆಯುವ ಪೆಟ್ಟಿಗೆ ಕೊಟ್ಟಳು. ತಾರಸಿ ಮೇಲಿಟ್ಟರೆ ಸಾಕು, ಬಿದ್ದ ಮಳೆಯನ್ನು ಅದೇ ಅಳೆದು ಅವಳ ಕಂಪ್ಯೂಟರಿಗೆ ಕಳಿಸುತ್ತದೆ. ಆರರಲ್ಲಿ ಹೆಚ್ಚಿನವು ಜೋರು ಮಳೆ ಅಂದರೆ ಕಲ್ಯಾಣಮ್ಮನ ಮೊಬೈಲಿಗೆ ಮೆಸೇಜು. ನೀರು ಇಳಿದು ಬರುವಷ್ಟರಲ್ಲಿ ಅವಳು ಸೀರೆಗಳನ್ನು ಅಟ್ಟಕ್ಕೆ ಏರಿಸಬಹುದು.

ಮೊದಲ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಮೆಸೇಜು ಬಂದದ್ದು ನನಗೆ: "ನಿಮ್ಮ ಪೆಟ್ಟಿಗೆ ಕೆಟ್ಟಿದೆ. ಅಕ್ಕಪಕ್ಕ ಎಲ್ಲೂ ಮಳೆ ಇಲ್ಲ." ಅದನ್ನು ನಾನು ಕೊಡೆ ಹಿಡಿದುಕೊಂಡೇ ಓದಿದೆ. ಕಲ್ಯಾಣಮ್ಮ ಎರಡು ಸೀರೆ ಹಿಂಡುತ್ತಾ ಕೂತಿದ್ದಳು. ಪುಣ್ಯಕ್ಕೆ ಎರಡೂ ಪಾಲಿಸ್ಟರ್.

ಮಾರನೇ ದಿನ ಒಂದೊಂದೇ ತಾರಸಿ ಹತ್ತಿದೆ. ಗಿರಿಜಾದೇವಿ, ಟಿವಿ ರಿಮೋಟಿಗೆ ಹಾಕುವ ಹಾಗೆ, ಪೆಟ್ಟಿಗೆಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ವಿಠ್ಠಲ ತನ್ನದಕ್ಕೊಂದು ಕೊಡೆ ಕಟ್ಟಿದ್ದ. ಇನ್ನೆರಡು ಮನೆಯವು ಶೀಟಿನ ಕೆಳಗೆ. ಕರಿಬಸಪ್ಪನವರದು ಬೀರುವಿನಲ್ಲಿತ್ತು, ರೇಷ್ಮೆ ಪಂಚೆಗಳ ನಡುವೆ.

"ಅದು ನೆನೀಬೇಕು ಕರಿಬಸಪ್ಪನೋರೇ," ಅಂದೆ.

"ಏನ್ ವಿಮಲಮ್ಮನೋರೇ, ಕರೆಂಟಿನ ವಸ್ತು! ನೆಂದು ಕೆಟ್ರೆ ಆ ಮಗೂಗೆ ಏನ್ ಹೇಳ್ಲಿ?"

"ಬೀರು ಒಳಗೆ ಮಳೆ ಬೀಳುತ್ತಾ?"

ಅವರು ಬಹಳ ಯೋಚಿಸಿ ರಾಜಿಗೆ ಬಂದರು. "ಆಯ್ತು, ದಿನಾ ಹೊರಗಿಡ್ತೀನಿ. ಮಳೆ ಬಂದಾಗ ಮಾತ್ರ ಒಳಕ್ಕೆ ತರ್ತೀನಿ."

ಉಳಿದ ನಾಲ್ವರಿಗೂ ಇದು ನ್ಯಾಯವಾಗಿ ಕಂಡಿತು. ಸ್ಪಂದನ ಫೋನು ಮಾಡಿ ಕೇಳಿದರೆ ಐವರೂ "ಹೊರಗೇ ಇದೆ ಕಣಮ್ಮಾ" ಅಂದರು. ಆಗ ಬಿಸಿಲಿತ್ತು, ಸುಳ್ಳೇನಲ್ಲ.

ಗುರುವಾರ ಮಧ್ಯಾಹ್ನ ಕೆಂಗೇರಿ ಕಡೆಯಿಂದ ಮೋಡ ಕವಿಯಿತು. ಮೊದಲ ಹನಿಗೂ ಮುಂಚೆ ಐದು ತಾರಸಿ ಮೇಲೆ ಐದು ಜನ! ಕರಿಬಸಪ್ಪನವರು ಎಂಜಲು ಕೈಯಲ್ಲೇ ಓಡಿದರು. ಗಿರಿಜಾದೇವಿ ಪೆಟ್ಟಿಗೆಯನ್ನು ಸೆರಗಿನೊಳಗೆ ಅಪ್ಪಿಕೊಂಡು ಇಳಿದರು. ಒಣಹಾಕಿದ ಬಟ್ಟೆ ತಂತಿಯ ಮೇಲೇ ನೆನೆಯಿತು.

ಮಳೆ ನಿಂತಾಗ ಬೀದಿಯಲ್ಲಿ ಮೊಣಕಾಲುದ್ದ ನೀರು. ಸೀರೆ ಎತ್ತಿ ಹಿಡಿದು ತಗ್ಗಿಗೆ ಹೋದೆ. ಕಲ್ಯಾಣಮ್ಮ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಸೀರೆಗಳು ಒಂದು ಹನಿಯೂ ಸೋಕದೆ ಅಟ್ಟದಲ್ಲಿದ್ದವು.

"ಮೆಸೇಜು ಬಂತೇನೇ?"

"ಎಲ್ಲಿಂದ ಬರುತ್ತಕ್ಕಾ! ಇವರೆಲ್ಲ ತಾರಸಿ ಮೇಲೆ ಎದ್ನೋ ಬಿದ್ನೋ ಅಂತ ಓಡಿದ್ದು ಕಾಣಿಸ್ತು. ಎತ್ತಿಟ್ಟೆ."

ಅಷ್ಟರಲ್ಲಿ ನನ್ನ ಫೋನಿನಲ್ಲಿ ಸ್ಪಂದನ. "ಅಜ್ಜಿ, ಇವತ್ತೂ ನಿಮ್ಮದೊಂದೇ ಮಳೆ ಅಂತಿದೆ. ನಾಳೆ ಬಂದು ಉಳಿದ ಐದನ್ನೂ ತಾರಸಿಗೇ ಬೋಲ್ಟ್ ಹಾಕಿ ಕೂರಿಸ್ತೀನಿ."

ಕಲ್ಯಾಣಮ್ಮ ಫೋನು ಕಿತ್ತುಕೊಂಡಳು. "ಅಯ್ಯೋ ಬೇಡಮ್ಮಾ! ಬೋಲ್ಟ್ ಹಾಕಿದ್ರೆ ಯಾರೂ ಓಡಲ್ಲ, ನನ್ನ ಸೀರೆಗಳ ಗತಿ? ಬೇಕಾದ್ರೆ ಆಚೆ ಬೀದಿಯೋರಿಗೂ ಒಂದೊಂದು ಕೊಡು."