ಬಿಳಿ ಕೆಂಪು ಬಿಳಿ ಜನರಲ್

ರಾಮನಗರದಲ್ಲಿ ಡಾಕ್ಟರಾಗಲು ಎರಡು ದಾರಿ. ಒಂದು, ನೀಟ್ ಪರೀಕ್ಷೆಯಲ್ಲಿ ರ‍್ಯಾಂಕ್ ತೆಗೆಯುವುದು. ಇನ್ನೊಂದು, ಹೇಗೋ ಪಾಸಾಗಿ ನೀಟಾಗಿ ಅಶೋಕನ ಆಫೀಸಿಗೆ ಹೋಗುವುದು. ಬಸ್ ಸ್ಟ್ಯಾಂಡಿನ ಎದುರಿನ ಬೇಕರಿಯ ಮೇಲೆ ಅವನ ‘ವಿಶ್ವವೈದ್ಯ ಓವರ್‌ಸೀಸ್’. ಮೆಟ್ಟಿಲು ಹತ್ತುವಾಗ ಕೆಳಗಿನ ಬೆಣ್ಣೆ ಮೂಗಿಗೆ ಬಡಿದರೆ, ಮೇಲಿನ ಬೆಣ್ಣೆ ನೇರ ಕಿವಿಗೆ. ಹೆಸರಿನಲ್ಲೇ ಶೋಕವಿಲ್ಲದ ಮನುಷ್ಯ. ಶೋಕಿಗೆ ಮಾತ್ರ ಕೊರತೆಯಿರಲಿಲ್ಲ. ಅವನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಮೂರು ಪಕ್ಷಗಳ ಮೂರು ಬಣ್ಣದ ಶಾಲುಗಳು ಇಸ್ತ್ರಿ ಸಮೇತ ಮಲಗಿರುತ್ತಿದ್ದವು. ಚುನಾವಣೆ ಬಂದಾಗ ಗಾಳಿ ನೋಡಿ ಒಂದು ಏಳುತ್ತಿತ್ತು.

ಸಾತನೂರಿನ ನವ್ಯಶ್ರೀಯನ್ನು ಬೆಲಾರೂಸ್ ದೇಶದ ಒಂದು ಮೆಡಿಕಲ್ ಯೂನಿವರ್ಸಿಟಿಗೆ ಕಳಿಸಿದ್ದವನು ಅವನೇ. ಮೂರನೆಯ ವರ್ಷ ಮುಗಿಸಿ ರಜೆಗೆ ಬಂದಿದ್ದ ಅವಳ ಪಾಸ್‌ಪೋರ್ಟು ವೀಸಾದ ನೆಪದಲ್ಲಿ ಅವನ ಡ್ರಾಯರ್ ಸೇರಿತ್ತು. ಅವಳ ದೊಡ್ಡಮ್ಮನ ಮಗ ಲೋಕೇಶ್ ಅದೇ ಆಫೀಸಿನಲ್ಲಿ ಕೆಲಸಕ್ಕಿದ್ದ. ಬಿಕಾಂ ಮಾಡಿದವನು, ಆದರೆ ಲೆಕ್ಕಕ್ಕಿಂತ ಗಂಟಲು ಚೆನ್ನಾಗಿತ್ತು. ಬಸ್ ಕಂಡಕ್ಟರನಿಂದ ತಹಶೀಲ್ದಾರರವರೆಗೆ ಯಾರ ದನಿಯನ್ನಾದರೂ ತೆಗೆಯುತ್ತಿದ್ದ. ಅಶೋಕನ ಸಮಾರಂಭಗಳಿಗೆಲ್ಲ ಅವನದೇ ನಿರೂಪಣೆ.

“ಲೋಕಿ, ಈ ಸಲ ಅಲ್ಲಿ ಡೀನ್‌ಗೆ ಗಂಧದ ಹಾರ, ಮೈಸೂರ್ ಪಾಕು ಏನೂ ಬ್ಯಾಡ ಕಣ್ಲಾ,” ಎಂದು ಅಶೋಕ ಒಂದು ದಿನ ಮೊಬೈಲ್ ಚಾಚಿದ. “ಅವರ ದೇಶದ ದೊಡ್ಡ ಮನುಷ್ಯನ್ನ ನಮ್ಮ ಚನ್ನಪಟ್ಟಣದ ಮರದಾಗೆ ಮಾಡ್ಸಿ ಕೊಡಾಣ. ನೋಡು, ಹುಡುಕಿ ಇಟ್ಟಿವ್ನಿ. ಓದು.”

ಪರದೆಯಲ್ಲಿ ಬಿಳಿ ಗಡ್ಡದ, ಎದೆ ತುಂಬ ಪದಕಗಳ ಜನರಲ್ ಒಬ್ಬ ಇದ್ದ. ಲೋಕೇಶ್ ಓದಿದ. ಮನುಷ್ಯ ದಶಕಗಟ್ಟಲೆ ರಷ್ಯದ ಚಕ್ರವರ್ತಿಯ ಸೈನ್ಯದಲ್ಲಿದ್ದವನು. ಜಪಾನಿನ ಯುದ್ಧ ನೋಡಿದವನು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಎದುರಿನ ಸೋಲಿನ ನಂತರ ಅಧಿಕಾರ ಕಳೆದುಕೊಂಡವನು. ಆಮೇಲೆ ಚಕ್ರವರ್ತಿಯೂ ಹೋದ, ಚಕ್ರಾಧಿಪತ್ಯವೂ ಹೋಯಿತು. ಅರುವತ್ತರ ಹೊತ್ತಿಗೆ ಈತ ಹೊಸದಾಗಿ ಹುಟ್ಟಿದ ಬೆಲಾರೂಸ್ ಗಣರಾಜ್ಯಕ್ಕೆ ರಕ್ಷಣಾ ಮಂತ್ರಿಯಾದ. ಆ ಸರ್ಕಾರಕ್ಕೆ ಮಂತ್ರಿಗಳಿದ್ದರು, ಬಾವುಟವಿತ್ತು; ಕಾಲಿಡಲು ನೆಲ ಮಾತ್ರ ಉಳಿಯಲಿಲ್ಲ. ನಮ್ಮನ್ನೂ ಒಂದು ದೇಶವೆಂದು ಒಪ್ಪಿಕೊಳ್ಳಿ ಎಂದು ಕೇಳಲು ಪ್ಯಾರಿಸ್ಸಿಗೂ ಹೋದ. ಯಾರೂ ಒಪ್ಪಲಿಲ್ಲ.

“ಇವನ ಹೆಸರ್ನ ರಷ್ಯದೋರು ಕೊಂದ್ರಾತೋವಿಚ್ ಅಂತಾರಂತೆ, ಬೆಲಾರೂಸ್‌ನೋರು ಕಂಡ್ರಾತೋವಿಚ್ ಅಂತಾರಂತೆ,” ಎಂದ ಲೋಕೇಶ್. “ಸೈನ್ಯದಲ್ಲಿದ್ದಾಗ ಕೊಂದ್ರಾ, ಮಂತ್ರಿಯಾದ್ಮೇಲೆ ಕಂಡ್ರಾ. ಕರೆಕ್ಟಾಗೇ ಐತೆ.”

“ತರ್ಲೆ ಬ್ಯಾಡ. ಅರುವತ್ತಕ್ಕೆ ಪಾರ್ಟಿ ಬದಲಾಯ್ಸಿ ಮಿನಿಸ್ಟ್ರಾಗವ್ನೆ ಕಣ್ಲಾ! ನಮ್ಮೋನು ಇವನು, ಪಕ್ಕಾ ನಮ್ಮೋನು.” ಅಶೋಕನ ಕಣ್ಣು ನಿಜಕ್ಕೂ ತೇವವಾಗಿತ್ತು. ಕುಲದೇವರ ಫೋಟೋ ಎದುರು ಕೂಡ ಅವನು ಹಾಗೆ ನಿಂತಿದ್ದನ್ನು ಯಾರೂ ಕಂಡಿರಲಿಲ್ಲ.

ಗೊಂಬೆಯ ಕೆಲಸ ಚನ್ನಪಟ್ಟಣದ ನಿಯಾಜ್‌ಗೆ ಹೋಯಿತು. ಜನರಲ್ಲನ ಕೈಯಲ್ಲಿ ಆ ಗಣರಾಜ್ಯದ ಬಾವುಟ ಇರಲೇಬೇಕೆಂದು ಅಶೋಕನ ಹಟ. ಮೇಲೊಂದು ಬಿಳಿ ಪಟ್ಟಿ, ನಡುವೆ ಕೆಂಪು, ಕೆಳಗೆ ಮತ್ತೆ ಬಿಳಿ.

“ಕೈಲಿ ಬಾವುಟ ಇಟ್ರೆ ವಿಮಾನದಾಗೆ ಮುರ್ದೋಯ್ತದೆ ಸಾಬ್,” ಎಂದ ನಿಯಾಜ್. “ಬಾವುಟಾನ ಮೈಗೇ ಸುತ್ತುಬುಡ್ತೀನಿ. ಮರ ತಿರುಗ್ತಿರ್ವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಪಟ್ಟಿ ತಾನೇ ಸುತ್ತ ಬರ್ತೈತೆ. ಬಿಳಿ, ಲಾಲು, ಬಿಳಿ. ಜನ್ಮಕ್ಕೂ ಹೋಗಕಿಲ್ಲ.”

ಮರ ತಿರುಗಿಸುವ ಚನ್ನಪಟ್ಟಣದ ಚರಕಿಗೆ ಪಟ್ಟಿ ಎಳೆಯುವುದು ನೀರು ಕುಡಿದಷ್ಟು ಸಲೀಸು. ಹಾಲೆ ಮರದ ತುಂಡು ಗಿರ್ರನೆ ತಿರುಗಿತು, ಅರಗು ಬಿಸಿಗೆ ಕರಗಿ ಹತ್ತಿಕೊಂಡಿತು, ತಾಳೆಗರಿಯ ಒತ್ತಿಗೆ ಹೊಳಪು ಬಂತು. ಕತ್ತಿನಿಂದ ಬೂಟಿನವರೆಗೆ ಬಾವುಟವನ್ನೇ ತೊಟ್ಟ ಜನರಲ್ ಸಿದ್ಧನಾದ.

ಬೀಳ್ಕೊಡುಗೆಯ ಸಮಾರಂಭ ರಾಮನಗರದ ಒಂದು ಕಲ್ಯಾಣ ಮಂಟಪದಲ್ಲಿ. ಲೋಕೇಶ್ ಮೈಕಿನಲ್ಲಿ ಗುಡುಗುತ್ತಿದ್ದಂತೆ ನವ್ಯಶ್ರೀಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಡೀನ್‌ಗೆ ಒಯ್ಯಲೆಂದು ಜರಿಬಟ್ಟೆ ಮುಚ್ಚಿದ ಗೊಂಬೆಯನ್ನು ಅವಳ ಕೈಗಿಟ್ಟರು. ಅಶೋಕ ಬಟ್ಟೆ ಎಳೆದ. ಕ್ಯಾಮೆರಾಗಳು ಮಿಂಚಿದವು. ನಗುತ್ತಿದ್ದ ಅವಳ ಮುಖ ಹಾಗೆಯೇ ಸೆಟೆದುಕೊಂಡಿತು.

ಕೆಳಗಿಳಿದವಳೇ ಅಶೋಕನನ್ನು ಊಟದ ಹಾಲಿನ ಮೂಲೆಗೆ ಕರೆದಳು. “ಸಾರ್, ಇದನ್ನ ನಾನು ತಗೊಂಡು ಹೋಗಕ್ಕಾಗಲ್ಲ. ಇವತ್ತು ಆ ಬಾವುಟ ಅಲ್ಲಿ ಸರ್ಕಾರದ ವಿರುದ್ಧ ಇರೋರದ್ದು. ಅದನ್ನ ಹಿಡಿದೋರನ್ನ ಪೊಲೀಸ್ನೋರು ಕರ್ಕೊಂಡು ಹೋಗ್ತಾರೆ. ನಮ್ಮ ಹಾಸ್ಟೆಲ್ ಎದುರು ಮನೆಯೋರು ಕಿಟಕಿಗೆ ಬಿಳಿ-ಕೆಂಪು ಪರದೆ ಹಾಕಿದ್ರು ಅಂತ ವಿಚಾರಣೆಗೆ ಬಂದಿದ್ರು.”

“ಪರದೆಗೂ ಪೊಲೀಸಾ?”

“ಪರದೆಗೂ. ನಾನು ಹೊರಗಿನೋಳು. ಒಂದು ಕಂಪ್ಲೇಂಟಾದ್ರೆ ಸೀಟೂ ಇಲ್ಲ, ವೀಸಾನೂ ಇಲ್ಲ. ಮೂರು ವರ್ಷ ಓದಿದ್ದೆಲ್ಲ ನೀರಲ್ಲಿ ಹೋಮ.”

ಅಶೋಕ ಹಪ್ಪಳ ಮುರಿದ. “ಬಣ್ಣ ತಾನೆ? ಬದಲಾಯ್ಸಿದ್ರಾಯ್ತು. ಮಂತ್ರಿ ಬ್ಯಾಡ, ಚಕ್ರವರ್ತಿ ಕಾಲದ ಜನರಲ್ ಮಾಡ್ಸಾಣ.”

ಅವನಿಗೆ ಅದು ನಿಜಕ್ಕೂ ಅಷ್ಟೇ ಆಗಿತ್ತು. ಗೊಂಬೆ ಮತ್ತೆ ಚರಕಿ ಏರಿತು. ಅರಗಿನ ಮೇಲೆ ಅರಗು ನಿಲ್ಲುವುದಿಲ್ಲ. ಮರ ಕಾಣುವವರೆಗೆ ಉಳಿಯಿಂದ ಕೆರೆಯಬೇಕು. ನಿಯಾಜ್ ಕೆರೆದ, ಕಡುಹಸಿರು ಕೋಟು ತೊಡಿಸಿದ. ಮಾರನೆಯ ದಿನ ಅಶೋಕನಿಗೆ ಅನುಮಾನ: ಚಕ್ರವರ್ತಿಯೂ ಈಗಿನವರಿಗೆ ಆಗದಿದ್ದರೆ? ಅದನ್ನೂ ಕೆರೆದು ಈಗಿನ ಸರ್ಕಾರದ ಕೆಂಪು-ಹಸಿರು ಬಾವುಟವನ್ನೇ ಸುತ್ತು ಎಂದ.

“ಸತ್ತೋನಿಗೆ ಈಗಿನ ಬಾವುಟನಾ?” ಎಂದು ನಿಯಾಜ್ ಫೋನಿನಲ್ಲೇ ಕೂಗಿದ. “ಅಶೋಕಣ್ಣ, ಬಂದಾಗ ತೊಲೆ ಹಂಗಿದ್ದ ನಿಮ್ಮ ಜನರಲ್ಲು. ಈಗ ಒನಕೆ ಆಗವ್ನೆ. ಇನ್ನೊಂದು ಸರ್ಕಾರ ಬದಲಾದ್ರೆ ಹಲ್ಲುಕಡ್ಡಿ ಆಯ್ತಾನೆ, ಅಷ್ಟೇ. ನನ್ನ ಕೈಲಾಗಕಿಲ್ಲ.”

ಗೊಂಬೆಯ ಕಥೆ ಅಲ್ಲಿಗೆ ಮುಗಿಯಿತು. ಫೋಟೋ ಉಳಿದಿತ್ತು. ಸಮಾರಂಭದ ದಿನವೇ ಅಶೋಕ ಅದನ್ನು ತನ್ನ ಪೇಜಿಗೆ ಏರಿಸಿದ್ದ. ಬಿಳಿ-ಕೆಂಪು-ಬಿಳಿ ಜನರಲ್ಲನನ್ನು ಎದೆಗಪ್ಪಿದ ನವ್ಯಶ್ರೀ, ಅವಳ ಪೂರ್ತಿ ಹೆಸರು, ‘ಬೆಲಾರೂಸ್‌ಗೆ ನಮ್ಮ ಜಿಲ್ಲೆಯ ರಾಯಭಾರಿ’ ಎಂಬ ಸಾಲು, ಕೊನೆಗೆ ಯೂನಿವರ್ಸಿಟಿಗೊಂದು ಟ್ಯಾಗು. ನವ್ಯಶ್ರೀ ಆಫೀಸಿಗೆ ಬಂದು ಕೈಮುಗಿದಳು.

“ತೆಗೀರಿ ಸಾರ್. ಅವರು ನೋಡೋದ್ರೊಳಗೆ ತೆಗೀರಿ.”

“ಲೈಕ್ ನೋಡಮ್ಮ, ಲೈಕ್! ಮಾಗಡಿಯಿಂದ, ಕುದೂರಿಂದ ಫೋನ್ ಬತ್ತಾವೆ. ಒಸಿ ದಿನ ಇರ್ಲಿ.”

“ಅಲ್ಲಿ ನನ್ನ ಹಿಡಿದ್ರೆ?”

“ಹಿಡಿಯಕ್ಕೆ ನೀನೇನು ಜನರಲ್ಲಾ?” ಅಶೋಕ ನಕ್ಕ. ಆಮೇಲೆ ಡ್ರಾಯರನ್ನು ಅರ್ಧ ಎಳೆದು, ಒಳಗಿನ ಪಾಸ್‌ಪೋರ್ಟು ಅವಳಿಗೆ ಕಾಣುವಷ್ಟು ಹೊತ್ತು ಬಿಟ್ಟು, ಮತ್ತೆ ಒತ್ತಿದ. “ಜಾಸ್ತಿ ತಲೆ ಕೆಡಿಸ್ಕೊಂಡ್ರೆ ಇದು ಇನ್ನೂ ಬೆಂಗಳೂರಿಂದ ಬಂದಿಲ್ಲ ಅಂದ್ಕೋ.”

ಅವನ ಬೆರಳುಗಳಲ್ಲಿ ಆಗಷ್ಟೇ ತಿಂದ ಬೇಕರಿ ಪಫ್ಫಿನ ಎಣ್ಣೆ ಇತ್ತು. ಅದೇ ಬೆರಳುಗಳಿಂದ ಅವಳ ತಲೆ ಸವರಿ ಆಶೀರ್ವಾದ ಮಾಡಿ ಕಳಿಸಿದ. ಸಾತನೂರಿನ ಬಸ್ಸಿನಲ್ಲಿ ಅವಳು ಇಡೀ ದಾರಿ ಕರವಸ್ತ್ರದಿಂದ ಕೂದಲು ಒರೆಸಿಕೊಳ್ಳುತ್ತಿದ್ದಳು.

ಅವತ್ತು ಸಂಜೆ ಲೋಕೇಶನ ಗಂಟಲು ಕೆಲಸಕ್ಕಿಳಿಯಿತು. ನವ್ಯಶ್ರೀಯ ಬೆಲಾರೂಸ್ ನಂಬರು ಅಶೋಕನಲ್ಲಿರಲಿಲ್ಲ. ಅದರಿಂದಲೇ ವಾಟ್ಸಾಪ್ ಕಾಲ್ ಮಾಡಿ, ಎಂಜಲನ್ನು ನಾಲಿಗೆಯ ಹಿಂದಕ್ಕೆ ಸರಿಸಿ, ಡೀನ್ ಆಫೀಸಿನವನಾಗಿ ಮಾತಾಡಿದ. “ಮೀಸ್ತರ್ ಅಷೋಕ್? ಫೋತೋ ವೆರಿ ಬ್ಯಾದ್. ಪ್ರೊಬ್ಲೇಮ್. ಯು ದೆಲೀತ್. ನೋ ದೆಲೀತ್, ನೋ ಸ್ತೂದೆಂತ್ಸ್.”

“ಎಸ್ಸಾರ್. ಸಾರಿ ಸಾರ್. ದಾ ದಾ ಸಾರ್,” ಎಂದು ಆ ಕಡೆಯಿಂದ ಅಶೋಕ, ‘ಹೌದು’ ಎನ್ನಲು ಕಲಿತಿದ್ದ ರಷ್ಯನ್ನನ್ನೂ ಸೇರಿಸಿ, ಒದರುವುದು ಕೇಳಿಸಿತು. ಕುರ್ಚಿ ಬಿಟ್ಟೆದ್ದ ಸದ್ದೂ ಕೇಳಿಸಿತು.

ಕಾಫಿ ಆರುವುದರೊಳಗೆ ಫೋಟೋ ಮಾಯವಾಯಿತು. ರಾತ್ರಿ ಊಟದ ಹೊತ್ತಿಗೆ ಡ್ರೈವರ್ ಪಾಸ್‌ಪೋರ್ಟು ತಂದುಕೊಟ್ಟ. ನವ್ಯಶ್ರೀಯ ತಾಯಿ ಕೆಂಚಮ್ಮನಿಗೆ ವಿಷಯ ಪೂರ್ತಿ ಅರ್ಥವಾಗದಿದ್ದರೂ, “ಇನ್ನೊಂದ್ಸಲ ಹಂಗೇ ಮಾತಾಡ್ಲಾ ಮಗ,” ಎಂದು ಲೋಕೇಶನಿಂದ ಹೇಳಿಸಿ ಹೇಳಿಸಿ ನಕ್ಕಳು. ಸೂಟ್‌ಕೇಸು ತುಂಬಿಸಿಟ್ಟರು.

ಹೆದರಿದ ಅಶೋಕ ಏನು ಮಾಡುತ್ತಾನೆಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಮಾರನೆಯ ಬೆಳಿಗ್ಗೆ ನವ್ಯಶ್ರೀಗೆ ನಿಜವಾದ ಡೀನ್ ಕಚೇರಿಯಿಂದ ಮೇಲ್ ಬಂತು. ನಿಮ್ಮ ಏಜೆಂಟರು ನಮಗೊಂದು ಪತ್ರ ಬರೆದಿದ್ದಾರೆ, ಇದಕ್ಕೆ ನಿಮ್ಮ ವಿವರಣೆ ಬೇಕು ಎಂದಿತ್ತು. ಕೆಳಗೆ ಅಶೋಕನ ಇಂಗ್ಲಿಷ್ ಇತ್ತು. ಆ ಗೊಂಬೆಯನ್ನು ವಿದ್ಯಾರ್ಥಿನಿ ತಾನೇ ಮಾಡಿಸಿಕೊಂಡು ವೇದಿಕೆಗೆ ತಂದಳು. ಅವಳಿಗೆ ಅಂಥ ವಿಚಾರಗಳ ಸಹವಾಸವಿದೆ. ನಮ್ಮ ಸಂಸ್ಥೆ ಅವಳನ್ನು ಖಂಡಿಸುತ್ತದೆ. ಜೊತೆಗೆ, ಎಲ್ಲರೂ ಅಳಿಸಿಹೋಯಿತೆಂದುಕೊಂಡಿದ್ದ ಅದೇ ಫೋಟೋ. ತಾನು ಮಾತ್ರ ಕಾಣದಂತೆ ಕತ್ತರಿಸಿ ಕಳಿಸಿದ್ದ.

ಲೋಕೇಶ್ ಆಫೀಸಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತಿದ. “ಏನಣ್ಣ ಹಿಂಗ್ ಬರುದ್ಬುಟ್ಟೆ? ನಿನ್ನೆ ಫೋನ್ ಮಾಡ್ದೋನು ನಾನು! ನಿನ್ನ ಹೆದರ್ಸಕ್ಕೆ ಮಾಡ್ದೆ!”

ಅಶೋಕ ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದ. ಅಶೋಕ ಉಸ್ಸೆಂದು ನಿಟ್ಟುಸಿರು ಬಿಟ್ಟ. “ಥೂ ನನ್ಮಗನೆ, ಹೆದರಿಸ್ಬುಟ್ಟಲ್ಲೋ. ಹಂಗಾರೆ ಅವರು ಸಿಟ್ಟಾಗಿಲ್ವಾ? ಸದ್ಯ.”

“ನವ್ಯನ ಗತಿ?”

“ಲೇ, ಒಬ್ಳು ಹೋದ್ರೆ ಒಬ್ಳು. ಯೂನಿವರ್ಸಿಟಿನೇ ಹೋದ್ರೆ ವರ್ಸಾ ವರ್ಸಾ ಅರವತ್ತು ಸೀಟು ಕಣ್ಲಾ.”

“ಸುಳ್ಳು ಬರ್ದೆ ಅಂತ ಇನ್ನೊಂದು ಮೇಲ್ ಹಾಕಣ್ಣ. ಈಗ್ಲೇ.”

“ಹಾಕುದ್ರೆ ಸುಳ್ಳುಗಾರ ಆಗಕಿಲ್ವಾ ನಾನು?” ಎಂದು ಅಶೋಕ ಬಹಳ ನೊಂದವನಂತೆ ಕೇಳಿದ.

ಲೋಕೇಶ್ ಆಫೀಸಿನ ಬೀಗದಕೈಯನ್ನು ಮೇಜಿನ ಮೇಲೆ ಎಸೆದು ಇಳಿದುಬಂದ. ನೇರ ಬಸ್ ಸ್ಟ್ಯಾಂಡಿಗೆ ನಡೆದು ಸಾತನೂರಿನ ಬಸ್ಸು ಹತ್ತಿದ.

ಎರಡು ದಿನ ಕಳೆದು ಅಶೋಕನೇ ಸಾತನೂರಿಗೆ ಬಂದ. ಹಣ್ಣಿನ ಬುಟ್ಟಿ, ಅದರ ಮೇಲೊಂದು ಹೊಳೆಯುವ ಬ್ರೋಷರು: ಕಿರ್ಗಿಸ್ತಾನ್. ಕೆಂಚಮ್ಮ ಮನೆಗೆ ಬಂದವರಿಗೆ ಕಾಫಿ ಕೊಡದೆ ಇರಲಾರದವಳು, ಕೊಟ್ಟಳು.

“ಆಗಿದ್ದಾಯ್ತು ಬುಡಿ. ಕಿರ್ಗಿಸ್ತಾನ್ ಸೇಫು,” ಎಂದ ಅಶೋಕ, ಜಗಲಿಯ ಮೇಲೆ ಕಾಲು ಚಾಚಿ. “ಟ್ರಾನ್ಸ್‌ಫರ್ ನಾನೇ ಮಾಡಿಸ್ಕೊಡ್ತೀನಿ, ನಮ್ಮ ಹುಡುಗಿ ಅಂತ ಕಮಿಷನ್‌ನಾಗೂ ಕಮ್ಮಿ ಮಾಡ್ತೀನಿ. ಕಾಲಕ್ಕೆ ತಕ್ಕಂಗೆ ಬದಲಾಗ್ಬೇಕಮ್ಮ ನವ್ಯ. ಆ ಜನರಲ್ಲೇ ಬದಲಾಗ್ಲಿಲ್ವಾ?”

ನವ್ಯಶ್ರೀ ಫೋನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು. “ಬದಲಾದ ಸಾರ್. ಸೋಲೋ ಕಡೆಗೆ ಬದಲಾದ. ಒಂದು ಹಿಡಿ ಮಣ್ಣೂ ಕೈಗೆ ಹತ್ತದ ಸರ್ಕಾರಕ್ಕೆ, ಅರುವತ್ತನೇ ವಯಸ್ಸಲ್ಲಿ. ನೀವು ಯಾವತ್ತಾದ್ರೂ ಸೋಲೋ ಕಡೆಗೆ ಹೋಗಿದ್ದೀರಾ?”

ಅಶೋಕ ಕಾಫಿ ಹೀರಿದ. ಅವನಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಸೋಲುವ ಕಡೆಗೆ ಯಾಕೆ ಹೋಗಬೇಕು?

ಅವಳು ಅವನೆದುರೇ ಡೀನ್ ಕಚೇರಿಗೆ ಕರೆ ಮಾಡಿದಳು. ಸ್ಪೀಕರ್ ಹಾಕಿ ರಷ್ಯನ್ನಿನಲ್ಲಿ ಮಾತಾಡಿದಳು. ಆ ಕಡೆ ಒಬ್ಬ ಹೆಂಗಸಿನ ಶಾಂತ ದನಿ. ಗೊಂಬೆ ಮಾಡಿಸಿದವರು ಯಾರು, ಬಟ್ಟೆ ಎಳೆದವರು ಯಾರು, ಫೋಟೋ ಹಾಕಿದವರು ಯಾರು, ಎಲ್ಲ ಹೇಳಿದಳು. ತನ್ನ ಹೆಸರು ಬಂದಾಗಲೆಲ್ಲ ಅಶೋಕ ಫೋನಿಗೆ ಮುಗುಳ್ನಕ್ಕು ತಲೆಯಾಡಿಸಿದ. ಹೊಗಳಿಕೆ ಎಂದುಕೊಂಡಿರಬೇಕು, ಒಂದು ಸಲ “ದಾ ದಾ” ಎಂದೂ ಸೇರಿಸಿದ.

ಕೊನೆಗೆ ಆ ದನಿ ನಿಧಾನವಾಗಿ ಏನೋ ಹೇಳಿತು. ನವ್ಯಶ್ರೀ ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟಿಗೆ ಒರಗಿದಳು. “ಸ್ಪಸೀಬ,” ಎಂದು ಧನ್ಯವಾದ ಹೇಳಿ ಫೋನಿಟ್ಟಳು.

“ಏನಂದ್ರು?” ಎಂದ ಜಗಲಿಯ ಮೂಲೆಯಲ್ಲಿ ಕೂತಿದ್ದ ಲೋಕೇಶ್.

“ಹೆಸರು ತೆಗೆದುಹಾಕಲ್ವಂತೆ. ಆದ್ರೆ ಈ ವರ್ಷ ಬರಬೇಡ ಅಂದ್ರು. ಕಾಗದ ಮೇಲಿನೋರ ಕೈ ಸೇರಿದೆ, ಬಂದ್ರೆ ವಿಚಾರಣೆ ಆಗುತ್ತೆ, ಆಗ ತಮ್ಮ ಕೈಲೂ ಏನೂ ಇರಲ್ಲ ಅಂದ್ರು. ಒಂದು ವರ್ಷ ರಜೆ ಬರೆದುಕೊಡು, ತಣ್ಣಗಾದ್ಮೇಲೆ ಬಾ ಅಂದ್ರು.”

“ನನ್ನ ಬಗ್ಗೆ?” ಎಂದ ಅಶೋಕ.

“ಯಾರವನು ಅಂತ ಕೇಳಿದ್ರು. ಇಷ್ಟು ಏಜೆಂಟರಲ್ಲಿ ಯಾರು ಅಂತ ನೆನಪಿಲ್ಲವಂತೆ.”

“ಕಾರ್ಡ್ ಕಳಿಸ್ತೀನಿ ಬುಡು,” ಎಂದು ಅಶೋಕ ಎದ್ದ. ಹಣ್ಣಿನ ಬುಟ್ಟಿಯಿಂದ ಬ್ರೋಷರನ್ನು ತೆಗೆದು ಜಗಲಿಯ ಮೇಲೆ ಬಿಡಿಸಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಮೂಸಂಬಿ ಇಟ್ಟ. ಕಾರಿನ ಬಾಗಿಲು ತೆಗೆಯುವಾಗಲೇ ಅವನಿಗೆ ಯಾವುದೋ ಫೋನು ಬಂತು. “ಬೆಲಾರೂಸಾ? ಬ್ಯಾಡ ಕಣಮ್ಮೋ, ನಾನು ಮೊದಲಿಂದ್ಲೂ ಬ್ಯಾಡ ಅಂತಾನೇ ಹೇಳ್ಕೊಂಡ್ ಬಂದಿವ್ನಿ,” ಎನ್ನುತ್ತಿದ್ದಂತೆ ಕಾರು ಕನಕಪುರದ ರಸ್ತೆಗೆ ತಿರುಗಿತು.

ಕೆಂಚಮ್ಮ ಅವನು ಕುಡಿದ ಲೋಟವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಳು. ತೊಳೆದು, ಮೂಸಿ ನೋಡಿ, ಬೂದಿ ಹಾಕಿ ಮತ್ತೆ ತಿಕ್ಕಿದಳು. ಆಮೇಲೆ, ಯಾಕೋ ಸಮಾಧಾನವಾಗದೆ, ಹಿತ್ತಲ ಬೇಲಿಯಾಚೆಗೆ ಎಸೆದುಬಿಟ್ಟಳು.

ಒಳಗೆ ನವ್ಯಶ್ರೀ ಸೂಟ್‌ಕೇಸು ಬಿಚ್ಚಿದ್ದಳು. ಪುಸ್ತಕಗಳು ಗೂಡಿಗೆ ಹೋದವು, ಉಪ್ಪಿನಕಾಯಿ ಬಾಟಲಿಗಳು ಅಡುಗೆಮನೆಗೆ. ಕೊನೆಗೆ ತಳದಲ್ಲಿ ಹಿಮಕ್ಕೆಂದು ಅಲ್ಲೇ ಕೊಂಡಿದ್ದ ದಪ್ಪ ಕೋಟು ಉಳಿಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸೆಖೆಗೆ ಬೆವರುತ್ತ, ಎಲ್ಲಿಡುವುದೆಂದು ಕೋಣೆಯನ್ನೆಲ್ಲ ನೋಡಿದಳು. ಆ ಮನೆಯ ಯಾವ ಗೂಟವೂ ಅಷ್ಟು ಭಾರ ತಡೆಯುವಂತಿರಲಿಲ್ಲ.