ಅಂಗೈಯಲ್ಲಿ ಅವ್ವನ ಲಿಂಗ

ಅಂಗೈ ಬೆವರುತ್ತಿದೆ, ಇಷ್ಟು ಏಸಿಯಲ್ಲೂ, ಬೆರಳು ಬಿಚ್ಚಿದರೆ ಗಾಳಿ ತಾಕೀತು, ಬಿಚ್ಚಿದರೆ ಕಾಣುತ್ತದೆ — ಅವ್ವನ ಬೆಳ್ಳಿಯ ಕರಡಿಗೆ, ಅದರೊಳಗೆ ಅವ್ವನ ಇಷ್ಟಲಿಂಗ, ಅರವತ್ತು ವರ್ಷ ಅವ್ವನ ಎದೆಯ ಮೇಲಿದ್ದದ್ದು, ಹೆಣದ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದು, ಈಗ ಭುವನೇಶ್ವರಿಯ ಎಡಗೈಯಲ್ಲಿ, ಸಂಭಾಜಿನಗರದ ಆಸ್ಪತ್ರೆಯ ಈ ಉಕ್ಕಿನ ಕುರ್ಚಿಯಲ್ಲಿ, ಮುಚ್ಚಿದ ಆಪರೇಷನ್ ಬಾಗಿಲಿನೆದುರು. ಒಳಗೆ ಅವ್ವನ ಎದೆ ಕೊಯ್ದಿರಬಹುದು ಇಷ್ಟೊತ್ತಿಗೆ. ಅಂಗಾವರ ಕಾಹೀ ಠೇವೂ ನಕಾ ಆಜೀ, ಅಂದಿದ್ದಳು ನರ್ಸು, ಮೈಮೇಲೆ ಏನೂ ಇರಕೂಡದಂತೆ, ಅವ್ವ ಬಳೆ ಬಿಚ್ಚಿದಳು, ಮೂಗುಬೊಟ್ಟು ಬಿಚ್ಚಿದಳು, ಕಡೆಗೆ ಇದನ್ನು. ಇದನ್ನು ಬಿಚ್ಚುವ ಮೊದಲು ಸ್ಟ್ರೆಚರಿನಿಂದಲೇ ಕೈಚಾಚಿ ಮಗಳ ಸೆರಗು ಸರಿಮಾಡಿದಳು, ಪಿನ್ನು ಸಡ್ಲ ಆಗ್ಯಾದ ನೋಡು ಭುವನಾ, ಕೊರಳಿಗೆ ತಾಕಿದ ಎರಡು ಬೆರಳು, ತಣ್ಣಗೆ — ಆಮೇಲೆ ಕರಡಿಗೆ, ನೆಲಕ್ಕಿಡಬ್ಯಾಡ, ಚೀಲದಾಗ ಹಾಕಬ್ಯಾಡ, ನಾ ಹೊರಗ ಬರೂತನಕ ಅಂಗೈಯಾಗೇ ಇರಲಿ. ಭುವನೇಶ್ವರಿ ಹೂಂ ಅಂದುಬಿಟ್ಟಳಲ್ಲ. ಇಲ್ಲ ಅನ್ನುವ ಧೈರ್ಯವಿರಲಿಲ್ಲ, ಅಷ್ಟೆ.

ಇಟ್ಟುಬಿಡಬಹುದು, ಪಕ್ಕದ ಕುರ್ಚಿ ಖಾಲಿಯಿದೆ, ಯಾರು ನೋಡುತ್ತಾರೆ — ಕರ್ತನು ನೋಡುತ್ತಾನೆ, ಹಾಗಾದರೆ ಹಿಡಿದುಕೊಂಡು ಕೂತದ್ದನ್ನೂ ನೋಡುತ್ತಿದ್ದಾನೆ. ನಾಶಿಕದಲ್ಲಿ ದೀಕ್ಷಾಸ್ನಾನವಾಗಿ ಮೂರು ತಿಂಗಳು ತುಂಬಿಲ್ಲ, ಅವ್ವನಿಗಿನ್ನೂ ಹೇಳಿಲ್ಲ. ತನ್ನ ಲಿಂಗವನ್ನು ಗೋದಾವರಿಗೆ ಬಿಟ್ಟ ದಿನ ಪಾಸ್ಟರ್ ಸ್ವರೂಪ್ ದಡದಲ್ಲಿ ನಿಂತಿದ್ದರು, ಎಸೆದುಬಿಡಿ ಭುವನಾತಾಯಿ, ಬರೀ ಕಲ್ಲು ಅದು. ಎಸೆಯಲು ಕೈ ಬರಲಿಲ್ಲ, ಬಗ್ಗಿ, ನಿದ್ದೆಹೋದ ಕೂಸನ್ನು ಇಳಿಸುವಂತೆ ನೀರಿಗಿಳಿಸಿದಳು — ಬಗ್ಗಿದ್ದೂ ನಮಸ್ಕಾರವಾಯಿತೇ? ಆವತ್ತೂ ಕೇಳಲಿಲ್ಲ, ಈಗ ಯಾರನ್ನು ಕೇಳುವುದು. ಅವಳ ನಂಬಿಕೆಯೇನೂ ತೋರಿಕೆಯದಲ್ಲ. ಗಂಡ ತೀರಿಹೋದಾಗ ನಾಶಿಕದ ಸಾತಪುರದ ಆ ಒಂದೇ ಕೋಣೆಯ ಮನೆಗೆ ಪ್ರಾರ್ಥನಾ ಮನೆಯ ಹೆಂಗಸರು ತಿಂಗಳಿಡೀ ಊಟ ತಂದರು, ಅವರ ಜೊತೆ ಕಣ್ಮುಚ್ಚಿ ಕೂತ ಒಂದು ಸಂಜೆ ಯೇಸು ಎದುರಿಗೇ ಬಂದು ಕೂತ ಹಾಗಾಯಿತು, ಅದನ್ನು ಯಾರಾದರೂ ಸುಳ್ಳೆಂದರೆ ಈಗಲೂ ಜಗಳಕ್ಕೆ ನಿಲ್ಲುತ್ತಾಳೆ. ವಿಗ್ರಹ ಅಂದರೆ ಕಲ್ಲೇ ಆಗಬೇಕಿಲ್ಲ, ಪಾಸ್ಟರ್ ಹೇಳುತ್ತಿದ್ದರು, ದೇವರು ಕೂರುವ ಜಾಗದಲ್ಲಿ ನೀವು ಕೂರಿಸಿದ್ದೆಲ್ಲ ವಿಗ್ರಹವೇ, ದುಡ್ಡು, ಮಕ್ಕಳು, ಹೆದರಿಕೆ. ಹಾಗಾದರೆ ಈಗ ಅಲ್ಲಿ ಕೂತಿರುವುದು ಯಾರು? ಕೆಳಗಿಟ್ಟರೆ ಅವ್ವ ಸಾಯುತ್ತಾಳೆಂಬ ಹೆದರಿಕೆಯೇ? ಹೆದರಿಕೆಯಲ್ಲ, ಅವ್ವನಿಗಾಗಿ ಹಿಡಿದಿದ್ದೇನೆ ಅಂದರೆ — ಅವ್ವನೇ ವಿಗ್ರಹವೇ? ಛೆ, ಎಂಥ ಮಾತು. ಅವ್ವನಾದರೂ ಗುಡಿಗೆ ಕೈಮುಗಿದವಳಲ್ಲ, ವೇರೂಳಿಗೆ ಹೋದಾಗ ಎಲ್ಲರೂ ಘೃಷ್ಣೇಶ್ವರನ ಗುಡಿಯ ಸಾಲಿನಲ್ಲಿ ನಿಂತರೆ ತಾನು ಹೊರಗೆ ಬೇವಿನ ನೆರಳಲ್ಲಿ ಕೂತು ಅಂಗೈಯನ್ನೇ ನೋಡುತ್ತಿದ್ದಳು, ಗುಡ್ಯಾಗಿನ ಕಲ್ಲಿಗ್ಯಾಕ ಬಡಕೋಬೇಕವ್ವ, ಇಲ್ಲೇ ಅದಾನಲ್ಲ, ಅಂದಿದ್ದಳು, ಪಾಸ್ಟರಿಗಿಂತ ಖಡಕ್ಕು. ಇವರಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ವಿಗ್ರಹಾರಾಧನೆಯನ್ನು ಬೈಯುವುದರಲ್ಲಿ ಯಾರು ಗೆಲ್ಲುತ್ತಿದ್ದರೋ. ನಗು ಬರುತ್ತಿದೆ, ಈ ಹೊತ್ತಿನಲ್ಲಿ.

ತಮ್ಮ ಶರಣಬಸವ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ, ಕೊಡಕ್ಕಾ, ನಾ ಹಿಡೀತೀನಿ, ಕೈ ಸೋತಿರಬೇಕು. ಬಂತಲ್ಲ ದಾರಿ, ಕರ್ತನೇ ಕಳಿಸಿದ ದಾರಿ, ಕೊಟ್ಟುಬಿಡು, ಕೊಟ್ಟರೆ ಮುಗಿಯಿತು — ಬೆರಳು ಬಿಚ್ಚಲಿಲ್ಲ. ಇರ್ಲಿ ಬಿಡೋ, ಅಂದದ್ದು ತನ್ನದೇ ದನಿ. ಅವನು ಪಕ್ಕದಲ್ಲಿ ಕೂತ, ಖರೇ ಅಂದ್ರ ಅವ್ವ ಇದನ್ನ ನಂಗೇ ಕೊಡಾಕಿ ಇದ್ಲಕ್ಕಾ, ನಿನ್ನೇನೇ ಹೇಳಿಟ್ಟಿದ್ಲು, ಬಾಗಲ ಮುಂದ ನಿನ್ನ ಸೆರಗ ಸರಿ ಮಾಡಿದ್ಲು ನೋಡು, ಆಮ್ಯಾಲ ಯಾಕೋ ಮನಸ್ಸ ಬದಲ ಮಾಡಿದ್ಲು. ಸೆರಗು. ಪಿನ್ನು ಸಡಿಲಾಗಿತ್ತು — ಇಲ್ಲ, ನಸುಕಿನಲ್ಲಿ ನಾಶಿಕದ ಬಸ್ ಸ್ಟ್ಯಾಂಡಿನಲ್ಲಿ ತಾನೇ ಕೊರಳು ಮುಚ್ಚುವಂತೆ ಎಳೆದು ಚುಚ್ಚಿದ್ದು, ಲಿಂಗ ಕಟ್ಟುವ ಶಿವದಾರ ಇಲ್ಲದ್ದು ಅವ್ವನಿಗೆ ಕಾಣದಿರಲೆಂದು ಚುಚ್ಚಿದ್ದು, ಬಲಗೈಯಿಂದ ಮುಟ್ಟಿ ನೋಡಿದಳು, ಗಟ್ಟಿಯಿದೆ, ಆಗಲೂ ಗಟ್ಟಿಯೇ ಇತ್ತು, ಹಾಗಾದರೆ ಬೆರಳು ಹುಡುಕಿದ್ದು ದಾರವನ್ನು, ಸಿಗಲಿಲ್ಲ, ಸಿಗಲಿಲ್ಲವೆಂದು ಗೊತ್ತಾದ ಮೇಲೆಯೇ ಕೊಟ್ಟಳು, ಗೊತ್ತಿದ್ದೂ ತನಗೇ — ಎರಡು ಬೆರಳು, ತಣ್ಣಗೆ, ಬರಿಗೊರಳ ಮೇಲೆ, ಎರಡು ಬೆರಳು.