ಹಸಿ ಇರುವಾಗಲೇ

ಬಣ್ಣ ಆಚೀಚೆ ಹರಡದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ ಗೋಡೆಗೆ ಪಟ್ಟೆ ಬಳಿಯುವುದು ನನ್ನ ಕೆಲಸ, ಟೇಪ್ ಕೀಳುವುದು ನನ್ನ ಹೆಂಡತಿಯದು. ಮದುವೆಯಾದಾಗಿನಿಂದ ಹೀಗೇ. ಬಣ್ಣ ಹಸಿ ಇರುವಾಗಲೇ ಅವಳು ಮೆಲ್ಲಗೆ ಎಳೆದರೆ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಬರುತ್ತದೆ. ನಾನು ಎಳೆದರೆ ಗೋಡೆಯೂ ಕಿತ್ತು ಬರುತ್ತದೆ.

ಅವಳ ತಮ್ಮನಿಗೆ ಕಾಲು ಮುರಿದುಕೊಳ್ಳಲು ಬೇರೆ ಹೊತ್ತು ಸಿಗಲಿಲ್ಲ. ಆರೈಕೆಗೆಂದು ಹೋದವಳು ತಿಂಗಳಾದರೂ ಬಂದಿಲ್ಲ.

ಅವಳು ಹೋದ ಮೇಲೆ ಸಿಕ್ಕ ಮೊದಲ ಪಟ್ಟೆ ಕೆಲಸ ಇವತ್ತು, ಯಾರದೋ ಮನೆಯ ಮಗುವಿನ ಕೋಣೆ. ನೀಲಿ ಪಟ್ಟೆ ಬಳಿದು ಮುಗಿಸಿ, ಅಭ್ಯಾಸಬಲದಿಂದ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ. ಯಾರೂ ಮುಂದೆ ಬರಲಿಲ್ಲ. ಫೋನ್ ಮಾಡಿದೆ.

“ಟೇಪ್ ಕಿತ್ರಾ?” ಅದೇ ಅವಳ ಮೊದಲ ಮಾತು.

“ಇಲ್ಲ. ನಿನ್ ತಮ್ಮ ಇನ್ನೂ ಎದ್ದಿಲ್ವಾ?”

“ಕುಂಟ್ಕೊಂಡು ಓಡಾಡ್ತಾನೆ. ಟೇಪ್ ಕೀಳ್ರಿ, ಒಣಗಿದ್ರೆ ಬಣ್ಣಾನೂ ಕಿತ್ಕೊಂಡು ಬರುತ್ತೆ.”

“ಬರ್ಲಿ ಬಿಡು.”



“ಅವಸರಕ್ಕೆ ಹುಟ್ಟಿದೋರು ನೀವು,” ಎಂದಳು. “ಫೋನ್ ಗೋಡೆ ಹತ್ರ ಇಡಿ. ಮೆಲ್ಲಗೆ ಎಳೀರಿ. ಸದ್ದು ಕೇಳಿಸ್ಕೊಂಡು ಹೇಳ್ತೀನಿ.”

ಎಳೆದೆ. ಟೇಪ್ ಮುಗಿದರೆ ಫೋನಿನ ಮಾತೂ ಮುಗಿಯುತ್ತದಲ್ಲ. ಅಷ್ಟು ನಿಧಾನವಾಗಿ ನಾನು ಯಾವತ್ತೂ ಏನನ್ನೂ ಎಳೆದಿರಲಿಲ್ಲ.